ಗುತ್ತಿಯಿಂದ ಹೊರಟ ಒಂದು ಕಾಗದ

ಕೊಪ್ಪಳದ ನಿಲ್ದಾಣದಿಂದ ಪೂರ್ವಕ್ಕೆ ಹೊರಟ ರೈಲು ಹೊಸಪೇಟೆ, ಬಳ್ಳಾರಿಗಳನ್ನು ದಾಟಿ ಗುಂತಕಲ್ಲು ಸೇರುತ್ತದೆ. ಅಲ್ಲಿಂದ ಚೆನ್ನೈ ಕಡೆಗೆ ಹೋಗುವ ಹಳಿಯಲ್ಲಿ ಮುಂದಿನ ದೊಡ್ಡ ನಿಲ್ದಾಣವೇ ಗುತ್ತಿ. ಗುಡ್ಡದ ಮೇಲೆ ಹಳೆಯ ಕೋಟೆ, ಸುತ್ತ ಶೇಂಗಾ ಹೊಲ, ತಲೆ ಸುಡುವ ಬಿಸಿಲು. ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಈ ನೋಟ ಹೊಸದೇನಲ್ಲ. ಇಂದು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಗೆ ಸೇರಿರುವ ಈ ಊರು 1882ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು.

ಈ ಊರಿಗೂ ಗಣಿತಕ್ಕೂ ಏನು ಸಂಬಂಧ? ಭಾರತದ ಗಣಿತಜ್ಞರ ಮೊತ್ತಮೊದಲ ರಾಷ್ಟ್ರೀಯ ಸಂಘವಾದ ‘ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿ’ ಮೊಳೆತದ್ದು ಕಲಕತ್ತೆಯಲ್ಲೂ ಅಲ್ಲ, ಮುಂಬಯಿಯಲ್ಲೂ ಅಲ್ಲ. ಈ ಬಿಸಿಲು ನಾಡಿನ ಗುತ್ತಿಯಲ್ಲಿ. ಅದನ್ನು ಹುಟ್ಟುಹಾಕಿದವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಅಲ್ಲ. ಕಂದಾಯ ಇಲಾಖೆಯ ಒಬ್ಬ ಡೆಪ್ಯುಟಿ ಕಲೆಕ್ಟರ್. ಹೆಸರು ವಿ. ರಾಮಸ್ವಾಮಿ ಅಯ್ಯರ್.

ಮಕ್ಕಳು ಗಣಿತವೆಂದರೆ ಬೆವರುವ, ಪಾಲಕರು ಗಣಿತವೆಂದರೆ ಟ್ಯೂಷನ್ ಫೀ ಎಂದು ತಿಳಿಯುವ ಈ ದಿನಗಳಲ್ಲಿ ಆ ಸಂಘದ ಕಥೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. ದೊಡ್ಡ ಊರು, ದೊಡ್ಡ ಕಾಲೇಜು, ದೊಡ್ಡ ಗ್ರಂಥಾಲಯ ಯಾವುದೂ ಹತ್ತಿರವಿಲ್ಲದ ಜಾಗದಲ್ಲಿ ಕುಳಿತ ಒಬ್ಬ ಮನುಷ್ಯ ತನ್ನ ಒಂಟಿತನಕ್ಕೆ ಕಂಡುಕೊಂಡ ಮದ್ದಿನ ಕಥೆ ಅದು.

ಆರು ಮಂದಿ ಸಿಕ್ಕರೂ ಸಾಕು

ರಾಮಸ್ವಾಮಿ ಅಯ್ಯರ್ ಹುಟ್ಟಿದ್ದು 1871ರಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗಲೇ ಇಂಗ್ಲೆಂಡಿನ ‘ಎಜುಕೇಷನಲ್ ಟೈಮ್ಸ್’ ಪತ್ರಿಕೆಗೆ ಗಣಿತದ ಬರಹ ಕಳಿಸುತ್ತಿದ್ದರು. ಬರಹದ ಮಟ್ಟ ಕಂಡ ಸಂಪಾದಕರು, ಇವರು ಯಾವುದೋ ಕಾಲೇಜಿನ ಪ್ರೊಫೆಸರ್ ಇರಬೇಕೆಂದು ಭಾವಿಸಿ ಹಾಗೆಯೇ ಸಂಬೋಧಿಸಿದರಂತೆ. ಅಂದಿನಿಂದ ಗೆಳೆಯರ ನಡುವೆ ಅವರಿಗೆ ‘ಪ್ರೊಫೆಸರ್’ ಎಂಬ ಹೆಸರೇ ನಿಂತಿತು. ಆದರೆ ಹೊಟ್ಟೆಪಾಡಿಗೆ ಸಿಕ್ಕಿದ್ದು ಕಂದಾಯ ಇಲಾಖೆಯ ನೌಕರಿ. ಹಗಲೆಲ್ಲ ಜಮಾಬಂದಿ, ಪಹಣಿ, ತಕರಾರು ಅರ್ಜಿ. ಕಚೇರಿ ಮುಗಿದ ಮೇಲೆ ರೇಖಾಗಣಿತ.

ಗಣಿತ ಬೆಳೆಯುವುದು ಹಳೆಯ ಪುಸ್ತಕದಿಂದ ಮಾತ್ರವಲ್ಲ. ಜಗತ್ತಿನ ಬೇರೆ ಬೇರೆ ಊರುಗಳಲ್ಲಿ ಯಾರು ಯಾವ ಪ್ರಮೇಯ ಸಾಧಿಸಿದರು ಎಂಬುದು ನಿಯತಕಾಲಿಕಗಳಲ್ಲಿ ಪ್ರಕಟವಾಗುತ್ತದೆ. ಇಂಗ್ಲೆಂಡು, ಜರ್ಮನಿ, ಫ್ರಾನ್ಸುಗಳಿಂದ ಬರುವ ಆ ಪತ್ರಿಕೆಗಳ ಚಂದಾ ಬಹಳ ದುಬಾರಿ. ಒಬ್ಬನ ಸಂಬಳದಲ್ಲಿ ಆಗದ ಮಾತು. ಹಾಗಾದರೆ ಹತ್ತು ಮಂದಿ ಸೇರಿ ವಂತಿಗೆ ಹಾಕಿ ತರಿಸಿದರೆ ಹೇಗೆ? ಹಳ್ಳಿಯಲ್ಲಿ ನಾಲ್ಕು ಮನೆಯವರು ಕೂಡಿ ಬಾವಿ ತೋಡಿಸಿದ ಹಾಗೆ.

1906ರ ಡಿಸೆಂಬರ್ 25ರಂದು ಅಯ್ಯರ್ ಗುತ್ತಿಯಿಂದ ಗಣಿತಾಸಕ್ತ ಗೆಳೆಯರಿಗೆ ಕಾಗದ ಬರೆದರು. ಒಂದು ಸಣ್ಣ ಗಣಿತ ಸಂಘ ಕಟ್ಟೋಣ. ವರ್ಷಕ್ಕೆ ತಲಾ 25 ರೂಪಾಯಿ ಚಂದಾ ಹಾಕಿ ಮುಖ್ಯವಾದ ಪತ್ರಿಕೆ, ಪುಸ್ತಕ ತರಿಸಿ ಹಂಚಿಕೊಂಡು ಓದೋಣ. ಆರು ಮಂದಿ ಮುಂದೆ ಬಂದರೂ ಒಂದು ವರ್ಷ ಸಂಘವನ್ನು ನಡೆಸಬಹುದು ಎಂಬುದು ಆ ಕಾಗದದ ಸಾರ. ಆಗಿನ ಕಾಲಕ್ಕೆ 25 ರೂಪಾಯಿ ಸಣ್ಣ ಮೊತ್ತವಲ್ಲ. ಎಷ್ಟೋ ಗುಮಾಸ್ತರ ತಿಂಗಳ ಪಗಾರ ಅಷ್ಟೇ.

ಆರರ ಬದಲು ಇಪ್ಪತ್ತು ಮಂದಿ ಬಂದರು. 1907ರ ಏಪ್ರಿಲ್ 4ರಂದು ಸಂಘ ಅಸ್ತಿತ್ವಕ್ಕೆ ಬಂತು. ಮೊದಲಿಗೆ ‘ಅನಲಿಟಿಕ್ ಕ್ಲಬ್’ ಎಂದು ಕರೆದ ಅದು ಬೇಗನೆ ‘ಇಂಡಿಯನ್ ಮ್ಯಾಥಮ್ಯಾಟಿಕಲ್ ಕ್ಲಬ್’ ಆಯಿತು. 1910ರಲ್ಲಿ ಇಂದಿನ ಹೆಸರು ಪಡೆಯಿತು. ಬಿ. ಹನುಮಂತರಾವ್ ಮೊದಲ ಅಧ್ಯಕ್ಷರು. ಪುಸ್ತಕ ಭಂಡಾರಕ್ಕೆ ಪುಣೆಯ ಫರ್ಗ್ಯುಸನ್ ಕಾಲೇಜು ಜಾಗ ಕೊಟ್ಟಿತು. ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ 1899ರಲ್ಲಿ ಮೊದಲಿಗರಾಗಿ ‘ಸೀನಿಯರ್ ರ್‍ಯಾಂಗ್ಲರ್’ ಎನಿಸಿದ ಮೊದಲ ಭಾರತೀಯ ಆರ್.ಪಿ. ಪರಾಂಜಪೆ ಆ ಕಾಲೇಜಿನ ಪ್ರಾಚಾರ್ಯರಾಗಿದ್ದರು. ಭಂಡಾರದ ಹೊಣೆ ಅವರದಾಯಿತು. ಪುಣೆಗೆ ಬಂದ ಪತ್ರಿಕೆಗಳು ಟಪಾಲಿನಲ್ಲಿ ಊರೂರಿನ ಸದಸ್ಯರ ಕೈಸೇರತೊಡಗಿದವು. 1950ರಲ್ಲಿ ಭಂಡಾರವನ್ನು ಮದ್ರಾಸಿಗೆ ಸಾಗಿಸಲಾಯಿತು.

ಹೊರದೇಶಗಳಲ್ಲಿ ಇಂಥ ಸಂಘಗಳು ಆಗಲೇ ಇದ್ದವು. ಲಂಡನ್ನಿನ ಗಣಿತ ಸಂಘ 1865ರದು, ಅಮೆರಿಕದ್ದು 1888ರದು. ಕಲಕತ್ತೆಯ ಗಣಿತ ಸಂಘ 1908ರಲ್ಲಿ ಹುಟ್ಟಿತು. ಆದರೆ ಆ ಊರುಗಳಲ್ಲಿ ವಿಶ್ವವಿದ್ಯಾಲಯಗಳಿದ್ದವು, ಎದುರು ಕೂತು ಮಾತಾಡುವ ಪಂಡಿತರಿದ್ದರು. ಗುತ್ತಿಯಲ್ಲಿ ಇದ್ದದ್ದು ಟಪಾಲು ಕಚೇರಿ ಮಾತ್ರ. ಟಪಾಲಿನ ಆಸರೆಯಲ್ಲೇ ಕಟ್ಟಿದ ಸಂಘ ಇದು ಎಂಬುದೇ ಇದರ ವಿಶೇಷ.

ಅಂಕಪಟ್ಟಿ ಕೇಳದ ಅಧಿಕಾರಿ

ಸಂಘ ಕಟ್ಟಿ ಮೂರು ವರ್ಷವಾಗಿತ್ತು. 1910ರಲ್ಲಿ ಅಯ್ಯರ್ ತಮಿಳುನಾಡಿನ ತಿರುಕ್ಕೋಯಿಲೂರಿನಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದರು. ಒಂದು ದಿನ ಇಪ್ಪತ್ತೆರಡರ ತರುಣನೊಬ್ಬ ಅವರ ಮುಂದೆ ಬಂದು ನಿಂತ. ಕಂಕುಳಲ್ಲಿ ಒಂದು ನೋಟುಪುಸ್ತಕ. ಬೇಕಾಗಿದ್ದು ತಾಲ್ಲೂಕು ಕಚೇರಿಯಲ್ಲೊಂದು ಗುಮಾಸ್ತಿಕೆ. ಆ ತರುಣನೇ ಶ್ರೀನಿವಾಸ ರಾಮಾನುಜನ್.

ಅವನ ಅಂಕಪಟ್ಟಿ ನೋಡಿದ್ದರೆ ಯಾರೂ ಒಳಗೆ ಕರೆಯುತ್ತಿರಲಿಲ್ಲ. ಕುಂಭಕೋಣದ ಕಾಲೇಜಿನಲ್ಲಿ ಗಣಿತ ಬಿಟ್ಟು ಬೇರೆ ವಿಷಯ ಓದದೆ ವಿದ್ಯಾರ್ಥಿವೇತನ ಕಳೆದುಕೊಂಡಿದ್ದ. ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿಯೂ ಎಫ್.ಎ. ಪರೀಕ್ಷೆ ಪಾಸಾಗಲಿಲ್ಲ. ಮದುವೆಯಾಗಿತ್ತು, ಕೈಯಲ್ಲಿ ಕಾಸಿರಲಿಲ್ಲ.

ಅಯ್ಯರ್ ನೋಟುಪುಸ್ತಕ ತೆರೆದು ನೋಡಿದರು. ಪುಟ ಪುಟದಲ್ಲೂ ಅವರು ಎಂದೂ ಕಾಣದ ಸೂತ್ರಗಳು. ಇಂಥವನನ್ನು ಕಂದಾಯ ಇಲಾಖೆಯ ಕೊನೆಯ ಮೆಟ್ಟಿಲಿನಲ್ಲಿ ಕೂರಿಸಿದರೆ ಅವನ ಪ್ರತಿಭೆಯ ಕತ್ತು ಹಿಸುಕಿದಂತೆ ಎಂದು ಅವರಿಗೆ ಅನ್ನಿಸಿತು. ನೌಕರಿ ಕೊಡಲಿಲ್ಲ, ಮದ್ರಾಸಿನ ಗಣಿತ ಗೆಳೆಯರಿಗೆ ಪರಿಚಯದ ಪತ್ರ ಕೊಟ್ಟು ಕಳಿಸಿದರು.

ಮುಂದಿನದು ಸಂಘದ ಸದಸ್ಯರು ಕೈಯಿಂದ ಕೈಗೆ ದೀಪ ದಾಟಿಸಿದ ಕಥೆ. ಪಿ.ವಿ. ಶೇಷು ಅಯ್ಯರ್ ಅವರ ಮೂಲಕ ರಾಮಾನುಜನ್ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರರಾವ್ ಅವರ ಬಳಿಗೆ ಹೋದ. ಇವರೂ ಸಂಘದವರೇ, ಮುಂದೆ ಅದರ ಅಧ್ಯಕ್ಷರಾದವರು. ಅವರು ತಿಂಗಳಿಗೆ 25 ರೂಪಾಯಿ ತಮ್ಮ ಕಿಸೆಯಿಂದ ಕೊಡತೊಡಗಿದರು. ಎಷ್ಟು ದಿನ ಇನ್ನೊಬ್ಬರ ಹಂಗು ಎಂದು ರಾಮಾನುಜನ್ ಕೊರಗಿದಾಗ, 1912ರ ಮಾರ್ಚ್ 1ರಿಂದ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿ ಸಂಬಳದ ಗುಮಾಸ್ತಿಕೆ ಸಿಕ್ಕಿತು. ಅಲ್ಲಿ ಅವನ ಮೇಲಧಿಕಾರಿ ಎಸ್. ನಾರಾಯಣ ಅಯ್ಯರ್. ಗಣಿತ ಸಂಘದ ಖಜಾಂಚಿಯೂ ಅವರೇ! ಕಚೇರಿ ಮುಗಿದ ಮೇಲೆ ಇಬ್ಬರೂ ಸ್ಲೇಟು ಹಿಡಿದು ಕೂಡುತ್ತಿದ್ದರು.

1913ರ ಜನವರಿ 16ರಂದು ರಾಮಾನುಜನ್ ಕೇಂಬ್ರಿಜ್‌ನ ಜಿ.ಎಚ್. ಹಾರ್ಡಿಯವರಿಗೆ ಬರೆದ ಪತ್ರ, 1914ರ ಹಡಗು ಪ್ರಯಾಣ, 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಗೌರವ, 1920ರಲ್ಲಿ ಮೂವತ್ತೆರಡನೇ ವಯಸ್ಸಿಗೇ ಮರಣ. ಇವೆಲ್ಲ ಶಾಲಾಮಕ್ಕಳಿಗೂ ಗೊತ್ತು. ಆದರೆ ಹಾರ್ಡಿಗಿಂತ ಮೊದಲು ಅವನನ್ನು ಗುರುತಿಸಿ, ಊಟಕ್ಕೆ ದಾರಿ ಮಾಡಿ, ಕಾಗದ ಒದಗಿಸಿ ಉಳಿಸಿಕೊಂಡವರು ಈ ಸಂಘದ ಗೃಹಸ್ಥರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಪ್ರಶ್ನೆ ಸಂಖ್ಯೆ 289

ಸಂಘ 1909ರಿಂದ ತನ್ನದೇ ಪತ್ರಿಕೆ ತಂದಿತು. ಅದರ ಸಂಪಾದಕರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತದ ಮೇಷ್ಟ್ರು ಎಂ.ಟಿ. ನಾರಾಯಣ ಅಯ್ಯಂಗಾರ್. ಸುಮಾರು ಎರಡು ದಶಕ ಅವರು ಆ ಹೊಣೆ ಹೊತ್ತಿದ್ದರು. ಪತ್ರಿಕೆಯಲ್ಲಿ ಎಲ್ಲರೂ ಮೊದಲು ತೆರೆಯುತ್ತಿದ್ದ ಪುಟ ಪ್ರಶ್ನೋತ್ತರದ್ದು. ಒಬ್ಬ ಓದುಗ ಸಮಸ್ಯೆ ಒಡ್ಡುವುದು, ಇನ್ನೊಬ್ಬ ಬಿಡಿಸಿ ಕಳಿಸುವುದು.

1911ರಲ್ಲಿ ರಾಮಾನುಜನ್ ಕಳಿಸಿದ ಒಂದು ಸಮಸ್ಯೆ 289ನೇ ಪ್ರಶ್ನೆಯಾಗಿ ಅಚ್ಚಾಯಿತು. ಹತ್ತನೇ ತರಗತಿಯ ವರ್ಗಮೂಲ ಗೊತ್ತಿದ್ದರೆ ಸಾಕು, ಅದು ಅರ್ಥವಾಗುತ್ತದೆ. ಈ ಕೊನೆಯಿಲ್ಲದ ಸಾಲಿನ ಬೆಲೆ ಎಷ್ಟು?

√(1 + 2√(1 + 3√(1 + 4√(1 + ...))))

ವರ್ಗಮೂಲದೊಳಗೆ ವರ್ಗಮೂಲ, ಅದರೊಳಗೆ ಇನ್ನೊಂದು. ಈರುಳ್ಳಿ ಸುಲಿದ ಹಾಗೆ ಮುಗಿಯುವುದೇ ಇಲ್ಲ. ಪತ್ರಿಕೆಯ ಮೂರು ಸಂಚಿಕೆಗಳು ಬಂದು ಹೋದವು. ಯಾರಿಂದಲೂ ಉತ್ತರ ಬರಲಿಲ್ಲ. ಕೊನೆಗೆ ರಾಮಾನುಜನ್ನನೇ ಉತ್ತರ ಕೊಟ್ಟ: 3.

ಇದು ಹೇಗೆ? ಪೆನ್ಸಿಲು ತೆಗೆದುಕೊಂಡು ಜೊತೆಗೆ ಬರೆಯುತ್ತ ಬನ್ನಿ.

3 = √9 = √(1 + 8) = √(1 + 2×4)

ಇಲ್ಲಿ 8 ಎಂಬುದನ್ನು 2×4 ಎಂದು ಬರೆದದ್ದಷ್ಟೇ ಜಾಣತನ. ಈಗ ಆ 4ನ್ನು ಹಾಗೆಯೇ ಒಡೆಯಿರಿ.

4 = √16 = √(1 + 15) = √(1 + 3×5)

ಮತ್ತೆ ಆ 5ನ್ನು:

5 = √25 = √(1 + 24) = √(1 + 4×6)

ಒಂದರೊಳಗೊಂದನ್ನು ಸೇರಿಸುತ್ತ ಹೋದರೆ 289ನೇ ಪ್ರಶ್ನೆಯ ಸಾಲೇ ಎದುರಿಗೆ ಬರುತ್ತದೆ. ಹಿಂದೆ ಇರುವ ಸೂತ್ರ ಎಂಟು, ಒಂಬತ್ತನೇ ತರಗತಿಯದು: (ಅ + 1)² = 1 + ಅ(ಅ + 2). ಬೀಜಗಣಿತದ ಈ ಸರಳ ನಿತ್ಯಸಮೀಕರಣವನ್ನು ಮಕ್ಕಳು ಎಷ್ಟೋ ಬಾರಿ ಬರೆದು ಅಳಿಸಿರುತ್ತಾರೆ.

ನಂಬಿಕೆ ಬಾರದಿದ್ದರೆ ಸಾಲನ್ನು ನಡುವೆ ಕತ್ತರಿಸಿ ಲೆಕ್ಕ ಮಾಡಿ ನೋಡಬಹುದು. √(1 + 2√(1 + 3)) ವರೆಗೆ ನಿಲ್ಲಿಸಿದರೆ 2.236. ಒಳಗೆ ಇನ್ನೊಂದು ಪದರ ಸೇರಿಸಿದರೆ 2.560. ಹೀಗೆಯೇ ಮುಂದೆ 2.755, 2.867, 2.929. ಮೆಟ್ಟಿಲು ಮೆಟ್ಟಿಲಾಗಿ 3ರ ಹತ್ತಿರ ಬರುತ್ತದೆ, ಆದರೆ ದಾಟುವುದಿಲ್ಲ. ಕೊನೆಯಿಲ್ಲದ ಸಾಲು ನಿಜಕ್ಕೂ 3ರಲ್ಲೇ ನೆಲೆ ನಿಲ್ಲುತ್ತದೆ ಎಂದು ಕಟ್ಟುನಿಟ್ಟಾಗಿ ಸಾಧಿಸಲು ಮೇಲಿನ ತರಗತಿಗಳ ಗಣಿತ ಬೇಕು. ಆದರೆ ಅದರ ಹೊಸ್ತಿಲಿನವರೆಗೆ ಪ್ರೌಢಶಾಲೆಯ ಹುಡುಗಿಯೂ ಹುಡುಗನೂ ನಡೆದು ಹೋಗಬಹುದು.

ಹಂತ ಬರೆಯಿರಿ

ಅದೇ 1911ರಲ್ಲಿ ರಾಮಾನುಜನ್ನನ ಮೊದಲ ಸಂಶೋಧನ ಲೇಖನ ಆ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರ್ನೂಲಿ ಸಂಖ್ಯೆಗಳೆಂಬ ವಿಶೇಷ ಸಂಖ್ಯೆಗಳನ್ನು ಕುರಿತದ್ದು. ಅದು ಸುಲಭವಾಗಿ ಅಚ್ಚಿಗೆ ಹೋಗಲಿಲ್ಲ. ರಾಮಾನುಜನ್ನನ ವಿಧಾನ ಹೊಸದು, ಬರವಣಿಗೆ ಅತಿ ಸಂಕ್ಷಿಪ್ತ, ಸಾಮಾನ್ಯ ಓದುಗ ಹಿಂಬಾಲಿಸಲಾರ ಎಂಬುದು ಅಯ್ಯಂಗಾರರ ತೊಡಕು. ಹಸ್ತಪ್ರತಿ ಮದ್ರಾಸಿಗೂ ಬೆಂಗಳೂರಿಗೂ ಮತ್ತೆ ಮತ್ತೆ ಓಡಾಡಿತು. ತಿದ್ದಿ, ಬಿಡಿಸಿ, ತುಂಬಿ ಬರೆದ ಮೇಲೆಯೇ ಅಚ್ಚಾದದ್ದು.

ಪ್ರೌಢಶಾಲೆಯ ಗಣಿತದ ಶಿಕ್ಷಕರೆಲ್ಲ ದಿನವೂ ಹೇಳುವ ಮಾತು ಒಂದಿದೆ: “ಉತ್ತರ ಸರಿ ಅದ, ಹಂತ ಎಲ್ಲಿ?” ಎಸ್ಸೆಸ್ಸೆಲ್ಸಿ ಮೌಲ್ಯಮಾಪನದಲ್ಲಿ ಹಂತಕ್ಕೇ ಅಂಕ. ಮಕ್ಕಳಿಗೆ ಇದು ಕಿರಿಕಿರಿ. ಆದರೆ ಬೆಂಗಳೂರಿನ ಮೇಷ್ಟ್ರು ಪ್ರಪಂಚದ ಅದ್ಭುತ ಪ್ರತಿಭೆಗೆ ಹೇಳಿದ್ದೂ ಇದೇ ಮಾತು. ತಲೆಯೊಳಗೆ ಹೊಳೆದದ್ದು ಇನ್ನೊಬ್ಬರ ತಲೆಗೆ ದಾಟಬೇಕಾದರೆ ನಡುವೆ ಮೆಟ್ಟಿಲು ಬೇಕು. ಒಬ್ಬನೇ ಕೂತು ಲೆಕ್ಕ ಮಾಡುವವನಿಗೆ ಈ ಅಗತ್ಯ ತಿಳಿಯುವುದಿಲ್ಲ. ಎದುರಿಗೊಬ್ಬರು ಕೂತು “ಇದು ಹೆಂಗ ಬಂತು?” ಎಂದು ಕೇಳಿದಾಗಲೇ ತಿಳಿಯುವುದು. ಸಂಘ ರಾಮಾನುಜನ್ನನಿಗೆ ಕೊಟ್ಟದ್ದು ಹಣ, ನೌಕರಿ ಮಾತ್ರವಲ್ಲ. ಹಾಗೆ ಕೇಳುವ ಜನರನ್ನು ಕೊಟ್ಟಿತು. ಮುಂದೆ ಅವನು ಆ ಪತ್ರಿಕೆಗೆ ಐವತ್ತಕ್ಕೂ ಹೆಚ್ಚು ಪ್ರಶ್ನೆಗಳನ್ನು ಕಳಿಸಿದ.

ಕೊಪಣದ ನೆಲಕ್ಕೆ ಗಣಿತ ಹೊಸದೇ?

ಈ ಇಪ್ಪತ್ತು ಮಂದಿ ಸೇರಿದ ಕಾಲಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಹೈದರಾಬಾದಿನ ನಿಜಾಮರ ಸೀಮೆಯಲ್ಲಿದ್ದವು. ಆಡಳಿತದ ಭಾಷೆ ಉರ್ದು. ಮದ್ರಾಸ್ ಪ್ರಾಂತದ ಗುತ್ತಿ ಹತ್ತಿರವೇ ಇದ್ದರೂ ಆ ಸಂಘದ ಸುದ್ದಿ ಇಲ್ಲಿನ ಹಳ್ಳಿಗಳಿಗೆ ಮುಟ್ಟುವ ದಾರಿ ಇರಲಿಲ್ಲ. ಇಂಗ್ಲಿಷ್ ಕಲಿತ ಪ್ರಾಧ್ಯಾಪಕರು, ಅಧಿಕಾರಿಗಳ ಸಂಘ ಅದು. ಎರೆಹೊಲದ ರೈತನ ಮಗನಿಗೆ, ಮಗಳಿಗೆ ಅದರ ಬಾಗಿಲು ಕಾಣುತ್ತಲೂ ಇರಲಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಹಾಗೆಂದು ಈ ನೆಲಕ್ಕೆ ಗಣಿತ ಹೊಸದೂ ಅಲ್ಲ. 9ನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಪ್ರದೇಶವನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳ, ಒಂದು. ಆ ಗ್ರಂಥ ಹುಟ್ಟಿದ್ದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅದೇ ದೊರೆಯನ್ನು ಹೊಗಳಿ ತನ್ನ ಗ್ರಂಥ ಆರಂಭಿಸಿದ ಜೈನ ಗಣಿತಜ್ಞ ಮಹಾವೀರಾಚಾರ್ಯ. ಗ್ರಂಥದ ಹೆಸರು ‘ಗಣಿತಸಾರಸಂಗ್ರಹ’, ಕಾಲ ಕ್ರಿ.ಶ. 850ರ ಸುಮಾರು. ಕೊಪಣವೂ ಆಗ ಜೈನರ ದೊಡ್ಡ ತೀರ್ಥ.

ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ವಿಧದಲ್ಲಿ ಆರಿಸಬಹುದು ಎಂಬುದಕ್ಕೆ ಇಂದು ಪಿಯುಸಿಯಲ್ಲಿ ಕಲಿಸುವ ಸಾಮಾನ್ಯ ಸೂತ್ರವನ್ನು ಮಹಾವೀರ ಅಂದೇ ಕೊಟ್ಟಿದ್ದ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ಗುರುತಿಸಿದ್ದ. ಅವನೂ ಎಡವಿದ್ದುಂಟು. ಒಂದು ಸಂಖ್ಯೆಯನ್ನು ಶೂನ್ಯದಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಬರೆದ, ಅದು ತಪ್ಪು. ದೊಡ್ಡವರೂ ತಪ್ಪುತ್ತಾರೆ, ಇನ್ನೊಬ್ಬರು ತಿದ್ದುತ್ತಾರೆ, ಗಣಿತ ಮುಂದೆ ಹೋಗುತ್ತದೆ. ಪರೀಕ್ಷೆಯಲ್ಲಿ ಕೆಂಪು ಗೆರೆ ಬಿದ್ದ ಕೂಡಲೇ ಎದೆಗುಂದುವ ಮಕ್ಕಳು ಇದನ್ನು ನೆನಪಿಡಬೇಕು.

12ನೇ ಶತಮಾನದ ರಾಜಾದಿತ್ಯ ಇನ್ನೂ ಒಂದು ಹೆಜ್ಜೆ ಮುಂದಿಟ್ಟ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಲೀಲಾವತಿ’ಗಳನ್ನು ಕನ್ನಡದಲ್ಲೇ ರಚಿಸಿದ. ಕನ್ನಡದಲ್ಲಿ ಗಣಿತ ಹೇಳಲಾಗದು ಎನ್ನುವವರಿಗೆ ಎಂಟುನೂರು ವರ್ಷಗಳ ಹಿಂದೆಯೇ ಉತ್ತರ ಸಿಕ್ಕಿದೆ.

ಪಿಯುಸಿಯ ಹೊಸ್ತಿಲು

ಆದರೂ ಇಂದಿನ ಮಗುವಿನ ಕಷ್ಟ ಬೇರೆ. ಹನುಮಸಾಗರದಲ್ಲೋ ಕುಕನೂರಿನಲ್ಲೋ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ವಿಜ್ಞಾನ ವಿಭಾಗಕ್ಕೆ ಸೇರಿದಳೆನ್ನಿ. ಮೊದಲ ದಿನವೇ ‘ವರ್ಗಮೂಲ’ ‘ಸ್ಕ್ವೇರ್ ರೂಟ್’ ಆಗುತ್ತದೆ. ‘ಲಘುತಮ ಸಾಮಾನ್ಯ ಅಪವರ್ತ್ಯ’ ‘ಎಲ್‌ಸಿಎಂ’ ಆಗುತ್ತದೆ. ‘ಸಮಾಂತರ ಶ್ರೇಢಿ’ ಮಾಯವಾಗಿ ‘ಅರಿಥ್‌ಮೆಟಿಕ್ ಪ್ರೊಗ್ರೆಷನ್’ ಬರುತ್ತದೆ. ಗೊತ್ತಿದ್ದ ಗಣಿತವೇ ಗೊತ್ತಿಲ್ಲದ ಹಾಗೆ ಕಾಣುತ್ತದೆ. ಕೇಳಲು ನಾಚಿಕೆ. ಎರಡು ತಿಂಗಳಲ್ಲಿ “ಗಣಿತ ನನಗಾಗಂಗಿಲ್ಲ” ಎಂಬ ತೀರ್ಮಾನ. ಅವಳು ಸೋತದ್ದು ಗಣಿತಕ್ಕಲ್ಲ, ಪದಗಳಿಗೆ.

ಮನೆಯಲ್ಲೂ ಆಸರೆ ಸಿಗುವುದು ಅಪರೂಪ. “ಹೆಣ್ಣುಹುಡುಗಿಗಿ ಇಷ್ಟು ಗಣಿತ ಯಾಕ ಬೇಕವ್ವ?” ಎನ್ನುವ ಅಜ್ಜ, “ಎಂಜಿನಿಯರ್ ಆಗ್ತಿಯಾದ್ರ ಗಣಿತ ತಗೋ, ಇಲ್ಲಾಂದ್ರ ಬಿಡು ತಮ್ಮಾ” ಎನ್ನುವ ಅಪ್ಪ. ಇದೇ ಅಪ್ಪ ಗಂಗಾವತಿಯ ಭತ್ತದ ವ್ಯಾಪಾರದಲ್ಲಿ ಚೀಲ, ತೂಕ, ದರ, ಹಮಾಲಿ, ದಲಾಲಿ ಎಲ್ಲವನ್ನೂ ಬಾಯಲ್ಲೇ ಕೂಡಿಸಿ ಕಳೆಯುತ್ತಾರೆ. ಅದೇ ಅಜ್ಜನಿಗೆ ಕಾಲು, ಅರ್ಧ, ಮುಕ್ಕಾಲಿನ ಮಗ್ಗಿ ಇಂದಿಗೂ ಬಾಯಿಪಾಠ. ಮನೆಯಲ್ಲಿ ಗಣಿತ ಇಲ್ಲವೆಂದಲ್ಲ. ಅದನ್ನು ಗಣಿತವೆಂದು ಯಾರೂ ಹೇಳಿಲ್ಲ ಅಷ್ಟೇ.

ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ವೃತ್ತಿಶಿಕ್ಷಣದಲ್ಲಿ, ನೌಕರಿಯಲ್ಲಿ ಮೀಸಲು ಸಿಕ್ಕಿದೆ. ದಶಕಗಳ ಹೋರಾಟದ ಫಲ ಅದು. ಆದರೆ ಸೀಟು ಸಿಕ್ಕ ಮೇಲೆ ಪಾಠ ತಲೆಗೆ ಹತ್ತಬೇಕಲ್ಲ? ಬುನಾದಿ ಗಟ್ಟಿಯಾಗುವುದು ಎಂಟು, ಒಂಬತ್ತು, ಹತ್ತನೇ ತರಗತಿಗಳಲ್ಲಿ. ಅಲ್ಲಿ ಮಗು ಒಂಟಿಯಾದರೆ ಮುಂದಿನ ಸೀಟು ಹೊರೆಯಾಗುತ್ತದೆ.

ಶಾಲಾ ಮಾಸ್ತರನ 6174

ಗಣಿತ ಸಮ್ಮೇಳನಗಳಿಗೆ ಹೋಗುವವರೆಲ್ಲ ಡಾಕ್ಟರೇಟ್ ಪಡೆದವರೇ ಎಂದು ತಿಳಿಯಬೇಕಿಲ್ಲ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದವರು. ಪದವಿಯ ಆಚೆ ಓದಿದವರಲ್ಲ. ಅವರು ಕಂಡುಕೊಂಡ ಒಂದು ಸೋಜಿಗವನ್ನು 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ತಿಳಿಸಿದರು. ಇದಕ್ಕೆ ಬೇಕಾದದ್ದು ಕಳೆಯುವ ಲೆಕ್ಕ ಮಾತ್ರ.

ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ. ಕೊಪ್ಪಳ ಜಿಲ್ಲೆಯಾದ ವರ್ಷ 1997 ಇರಲಿ. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಏರಿಕೆಯ ಕ್ರಮದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡಿ.

9971 – 1799 = 8172
8721 – 1278 = 7443
7443 – 3447 = 3996
9963 – 3699 = 6264
6642 – 2466 = 4176
7641 – 1467 = 6174

ಇನ್ನು ಮುಂದೆ ಎಷ್ಟು ಕಳೆದರೂ 6174 ಅಲುಗುವುದಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಇಲ್ಲಿಗೇ ಬಂದು ನಿಲ್ಲುತ್ತೀರಿ. ಇಂಥದ್ದೆಲ್ಲ ಮಕ್ಕಳಾಟ ಎಂದು ಅಂದು ನಕ್ಕವರೂ ಇದ್ದರು. ಇಂದು 6174ಕ್ಕೆ ಜಗತ್ತಿನಾದ್ಯಂತ ‘ಕಾಪ್ರೇಕರ್ ಸ್ಥಿರಾಂಕ’ ಎಂದೇ ಹೆಸರು.

ಶಾಲೆಗೊಂದು ಗಣಿತ ಸಂಘ

ಗುತ್ತಿಯ ಅಯ್ಯರ್ ಅವರಿಗೆ ಕೊರತೆಯಾಗಿದ್ದದ್ದು ಪುಸ್ತಕ. ಇಂದು ಪುಸ್ತಕದ ಬರವಿಲ್ಲ; ಮೊಬೈಲಿನಲ್ಲೇ ಪಾಠಗಳಿವೆ. ಈಗ ಬರ ಬಂದಿರುವುದು ಜೊತೆಗೆ ಕೂತು ಯೋಚಿಸುವ ಜನಕ್ಕೆ. ಪರದೆಯ ಮೇಲಿನ ಪಾಠ ಹೇಳುತ್ತದೆ, ಆದರೆ “ಇದು ಹೆಂಗ ಬಂತು?” ಎಂದು ತಿರುಗಿ ಕೇಳುವುದಿಲ್ಲ.

ಅಯ್ಯರ್ ಕಟ್ಟಿದ ಸಂಘಕ್ಕೆ ಮೂರು ಕಾಲುಗಳಿದ್ದವು: ಹಂಚಿಕೊಂಡು ಓದುವ ಪುಸ್ತಕ, ಪ್ರಶ್ನೋತ್ತರದ ಪುಟ, ಸೇರಿ ಮಾತಾಡುವ ಸಭೆ. ಈ ಮೂರನ್ನೂ ಯಾವ ಪ್ರೌಢಶಾಲೆಯಲ್ಲಾದರೂ ನಿಲ್ಲಿಸಬಹುದು. ಮೊದಲನೆಯದು, ತರಗತಿಯ ಕಪಾಟಿನಲ್ಲಿ ಹತ್ತು ಪುಸ್ತಕ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ದಂಥ ಕನ್ನಡ ಪತ್ರಿಕೆಯ ಹಳೆಯ ಸಂಚಿಕೆಗಳಾದರೂ ಸರಿ. ಎರಡನೆಯದು, ಗೋಡೆಯ ಮೇಲೊಂದು ಪ್ರಶ್ನೆ ಹಾಳೆ. ಸೋಮವಾರ ಪ್ರಶ್ನೆ, ಶನಿವಾರ ಉತ್ತರ. ಬಿಡಿಸಿದವರ ಹೆಸರು ಕೆಳಗೆ. ಯಾರೂ ಬಿಡಿಸದಿದ್ದರೆ ರಾಮಾನುಜನ್ನನ ಹಾಗೆ ಇನ್ನೊಂದೆರಡು ವಾರ ಕಾಯಲಿ. ಮೂರನೆಯದು, ವಾರಕ್ಕೊಂದು ಗಂಟೆ ಕೂಡಿ ಕೂರುವುದು. ಅಲ್ಲಿ ಪ್ರತಿ ಪದಕ್ಕೂ ಕನ್ನಡ, ಇಂಗ್ಲಿಷ್ ಎರಡೂ ಹೆಸರನ್ನು ಹಲಗೆಯ ಮೇಲೆ ಬರೆದರೆ ಪಿಯುಸಿಯ ಹೊಸ್ತಿಲು ಅರ್ಧ ತಗ್ಗುತ್ತದೆ. ಮೊದಲ ದಿನ ಆರು ಮಕ್ಕಳು ಬಂದರೂ ಸಾಕು.

ಹೊರಗಿನ ಬಾಗಿಲುಗಳೂ ಉಂಟು. 1965ರಲ್ಲಿ ಸ್ಥಾಪನೆಯಾದ ಗಣಿತ ಶಿಕ್ಷಕರ ಸಂಘ ಶಾಲಾಮಕ್ಕಳಿಗಾಗಿ ರಾಷ್ಟ್ರೀಯ ಗಣಿತ ಪ್ರತಿಭಾ ಸ್ಪರ್ಧೆ ನಡೆಸುತ್ತ ಬಂದಿದೆ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನಲ್ಲಿ ಭಾರತ 1989ರಿಂದ ಭಾಗವಹಿಸುತ್ತಿದೆ. ಅದರ ಮೊದಲ ಮೆಟ್ಟಿಲಿನ ಪರೀಕ್ಷೆಗೆ ಪ್ರೌಢಶಾಲೆಯವರೂ ಕೂರಬಹುದು. ಗೆಲ್ಲಲೇಬೇಕೆಂದಿಲ್ಲ. ಪಠ್ಯದಲ್ಲಿಲ್ಲದ ಪ್ರಶ್ನೆಯ ಮುಂದೆ ಅರ್ಧ ಗಂಟೆ ಸುಮ್ಮನೆ ಕೂರುವ ಅಭ್ಯಾಸವೇ ಲಾಭ. ಮಾತೃ ಸಂಘವೂ ಬಾಗಿಲು ಹಿಗ್ಗಿಸುತ್ತ ಬಂತು. 1933ರಲ್ಲಿ ಅದು ‘ದಿ ಮ್ಯಾಥಮ್ಯಾಟಿಕ್ಸ್ ಸ್ಟೂಡೆಂಟ್’ ಎಂಬ ಎರಡನೆಯ ಪತ್ರಿಕೆ ಆರಂಭಿಸಿತು. ರಾಮಾನುಜನ್ನನ ಜನ್ಮದಿನವಾದ ಡಿಸೆಂಬರ್ 22ನ್ನು 2012ರಿಂದ ರಾಷ್ಟ್ರೀಯ ಗಣಿತ ದಿನವಾಗಿ ಆಚರಿಸಲಾಗುತ್ತಿದೆ. ಅಂದು ಭಾಷಣ ಮಾಡಿ ಹಾರ ಹಾಕುವ ಬದಲು ಒಂದು ಸಂಘ ಹುಟ್ಟಿದರೆ ಚೆನ್ನ.

ಪಾಲಕರಿಗೆ ಒಂದು ಮಾತು. ಪರೀಕ್ಷೆ ಬೇಡ, ಅಂಕ ಬೇಡ ಎಂದು ರಾಮಾನುಜನ್ನನ ಕಥೆ ಹೇಳುವುದಿಲ್ಲ. ಅಂಕವಿಲ್ಲದೆ ಅವನು ಪಟ್ಟ ಪಾಡು ಸಣ್ಣದಲ್ಲ. ಅಂಕಪಟ್ಟಿಯ ಆಚೆಗೂ ಮಗುವಿನ ನೋಟುಪುಸ್ತಕವನ್ನು ಒಮ್ಮೆ ತೆರೆದು ನೋಡಿ ಎನ್ನುತ್ತದೆ. ಲೆಕ್ಕ ಅರ್ಥವಾಗದಿದ್ದರೂ ಪರವಾಗಿಲ್ಲ. “ಇದು ಹೆಂಗ ಬಂತು, ನನಗ ತಿಳಿಸಿ ಹೇಳು ನೋಡೋಣ” ಎಂದು ಎದುರಿಗೆ ಕೂತರೆ ಸಾಕು. ತಿಳಿಸಿ ಹೇಳುವಾಗಲೇ ಮಗುವಿಗೂ ಪೂರ್ತಿ ತಿಳಿಯುವುದು.

ರಾಮಸ್ವಾಮಿ ಅಯ್ಯರ್ 1936ರಲ್ಲಿ ತೀರಿಕೊಂಡರು. ಅವರು ಗುತ್ತಿಯಲ್ಲಿ ಕೂತು ಬರೆದ ಕಾಗದಕ್ಕೆ ನೂರು ವರ್ಷ ದಾಟಿದೆ. ಸಂಘ ಇಂದಿಗೂ ನಡೆಯುತ್ತಿದೆ. ಊರು ದೂರವಿದೆ, ಅನುಕೂಲವಿಲ್ಲ, ಹೇಳಿಕೊಡುವವರಿಲ್ಲ ಎಂಬ ಮಾತುಗಳೆಲ್ಲ ಅಂದು ಅವರಿಗೂ ಸಲ್ಲುತ್ತಿದ್ದವು. ಅವರು ಅವನ್ನು ನೆಪ ಮಾಡಿಕೊಳ್ಳದೆ ಆರು ಮಂದಿಯನ್ನು ಹುಡುಕಹೊರಟರು. ಕುಷ್ಟಗಿಯ, ಯಲಬುರ್ಗಾದ ಯಾವುದೋ ಶಾಲೆಯ ಗೋಡೆಯ ಮೇಲೆ ಮುಂದಿನ ಸೋಮವಾರ ಮೊದಲ ಪ್ರಶ್ನೆ ಬೀಳಲಿ.

ಗೋಡೆ ಹಾಳೆಗೆ ನಾಲ್ಕು ಪ್ರಶ್ನೆಗಳು

1. ಉತ್ತರ ಕಂಡ ಮೇಲೆ ಎರಡೂ ಕಡೆಯಿಂದ ಓದಿ: 152207 × 73, 27994681 × 441. ಇಂಥ ಗುಣಲಬ್ಧಗಳನ್ನು ಮಹಾವೀರಾಚಾರ್ಯ ಕೊರಳ ಹಾರಕ್ಕೆ ಹೋಲಿಸಿದ್ದಾನೆ.

2. 289ನೇ ಪ್ರಶ್ನೆಯ ಸಾಲು 2ರ ಬದಲು 3ರಿಂದ ಆರಂಭವಾದರೆ, ಅಂದರೆ √(1 + 3√(1 + 4√(1 + ...))) ಆದರೆ, ಬೆಲೆ ಎಷ್ಟು?

3. ನೀವು ಹುಟ್ಟಿದ ವರ್ಷ ಎಷ್ಟು ಹೆಜ್ಜೆಯಲ್ಲಿ 6174 ಮುಟ್ಟುತ್ತದೆ? ಮೂರಂಕಿಯ ಸಂಖ್ಯೆಗಳಿಗೂ ಇಂಥದ್ದೊಂದು ನಿಲ್ದಾಣವಿದೆಯೇ?

4. ಅಂಗಡಿಯಲ್ಲಿ ಒಂದು ತಕ್ಕಡಿ. 1, 3, 9, 27 ಕಿಲೋದ ನಾಲ್ಕೇ ತೂಕದ ಕಲ್ಲುಗಳು. ಕಲ್ಲುಗಳನ್ನು ಎರಡೂ ತಟ್ಟೆಗಳಲ್ಲಿ ಇಡಬಹುದು. 1ರಿಂದ 40 ಕಿಲೋವರೆಗಿನ ಪ್ರತಿ ಪೂರ್ಣ ಕಿಲೋವನ್ನೂ ತೂಗಬಹುದೇ?

ಉತ್ತರದ ಜೊತೆ ಹಂತಗಳನ್ನೂ ಬರೆಯಲು ಮರೆಯಬೇಡಿ.